ಪಿ0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸುವ ಮುಂಚೆ ಏನೇನು ನೋಡಬೇಕು? ಹಂತ ಹಂತದ ಮಾರ್ಗದರ್ಶಿ

ಚೆಕ್ ಇಂಜಿನ್ ಲೈಟ್ ಹತ್ತಿದೆ. ಸ್ಕ್ಯಾನರ್ ಹಾಕಿದರೆ 'ಪಿ0171, ಸಿಸ್ಟಮ್ ಟೂ ಲೀನ್, ಬ್ಯಾಂಕ್ 1' ಅಂತ ತೋರಿಸುತ್ತಿದೆ. ಇಂಥ ಗಾಡಿ ಗ್ಯಾರೇಜಿಗೆ ಹೋದರೆ ಬಹಳ ಸಲ ಕೇಳಿಬರುವ ಮಾತು, "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ಕೆಲವು ಸಾವಿರ ಖರ್ಚಾಗುತ್ತದೆ. ಲೈಟ್ ಆರುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಹತ್ತುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಪಿ0171 ಬಂದಾಗ ಸೆನ್ಸರ್ ಹೆಚ್ಚಿನ ಸಲ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಎಂದು ಅದು ವರದಿ ಕೊಟ್ಟಿದೆ, ಅಷ್ಟೇ. ಯಾಕೆ ಜಾಸ್ತಿ ಇದೆ ಅನ್ನುವುದನ್ನು ನಾವು ಹುಡುಕಬೇಕು. ಆ ಹುಡುಕಾಟದ ಮುಕ್ಕಾಲು ಪಾಲನ್ನು ಒಂದು ಬ್ಲೂಟೂತ್ ಸ್ಕ್ಯಾನರ್, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಮನೆಯಲ್ಲೇ ಮಾಡಬಹುದು. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಕಾರುಗಳ ಬಗ್ಗೆ. ಡೀಸೆಲ್ ಲೆಕ್ಕವೇ ಬೇರೆ.

ಮೊದಲು, ಲೀನ್ ಮತ್ತು ರಿಚ್ ಅಂದರೇನು

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಅದಕ್ಕಿಂತ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಮುಂಚೆ ಕೂತಿರುವ ಸೆನ್ಸರ್ 1 ಇದನ್ನು ಸದಾ ಅಳೆಯುತ್ತಿರುತ್ತದೆ. ಹಳೆಯ ಮಾದರಿಯ ಜಿರ್ಕೋನಿಯಾ ಸೆನ್ಸರ್ (ನ್ಯಾರೋಬ್ಯಾಂಡ್ ಅನ್ನುವುದು ಇದಕ್ಕೇ) ಲೀನ್ ಇದ್ದಾಗ 0.1 ವೋಲ್ಟ್ ಆಸುಪಾಸು ಕೊಡುತ್ತದೆ, ರಿಚ್ ಇದ್ದಾಗ 0.9ರ ಹತ್ತಿರ. ಮಧ್ಯದ ಗೆರೆ 0.45. ಸುಮಾರು 300 ಡಿಗ್ರಿ ಬಿಸಿ ದಾಟದೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೆ ಒಂದು ಹೀಟರ್ ಇಟ್ಟಿರುತ್ತಾರೆ.

ಈ ವರದಿ ನೋಡಿಕೊಂಡು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುವ ಸಮಯವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ತಿದ್ದುಪಡಿಗೇ ಫ್ಯುಯೆಲ್ ಟ್ರಿಮ್ ಅನ್ನುವುದು. ಶಾರ್ಟ್ ಟರ್ಮ್ ಟ್ರಿಮ್ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಲಾಂಗ್ ಟರ್ಮ್ ಟ್ರಿಮ್ ನಿಧಾನವಾಗಿ ಕಲಿತು ನೆನಪಿಟ್ಟುಕೊಳ್ಳುವಂಥದ್ದು. ಎರಡನ್ನೂ ಕೂಡಿಸಿ ನೋಡಬೇಕು. ಒಟ್ಟು ಪ್ಲಸ್ ಇದ್ದರೆ ಇಸಿಯು ಪೆಟ್ರೋಲ್ ಸೇರಿಸುತ್ತಿದೆ, ಮೈನಸ್ ಇದ್ದರೆ ಕಡಿಮೆ ಮಾಡುತ್ತಿದೆ. 10 ಪರ್ಸೆಂಟ್ ಒಳಗೆ ಆಕಡೆ ಈಕಡೆ ಇದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಪ್ಲಸ್ 20-25 ದಾಟಿದರೆ ಇಸಿಯು 'ಇನ್ನು ನನ್ನ ಕೈಲಿ ಆಗಲ್ಲ' ಅಂದ ಹಾಗೆ. ಆಗ ಪಿ0171 ಬರುತ್ತದೆ. ಮೈನಸ್ ಕಡೆ ಮಿತಿ ಮೀರಿದರೆ ಪಿ0172.

ಪಿ0130ರಿಂದ ಪಿ0135ರವರೆಗಿನ ಕೋಡ್‌ಗಳದ್ದು ಬೇರೆ ಗುಂಪು. ಅವು ಸೆನ್ಸರ್ ಅಥವಾ ಅದರ ವೈರಿಂಗ್ ಮೇಲೆಯೇ ದೂರು ಹೇಳುತ್ತವೆ. ಎರಡೂ ಗುಂಪಿನ ಕೋಡ್ ಒಟ್ಟಿಗೆ ಬಂದಿದ್ದರೆ ಮೊದಲು ಸೆನ್ಸರ್ ಕೋಡ್ ಸರಿಮಾಡಿ. ಸೆನ್ಸರ್ ಹೇಳುವುದನ್ನೇ ನಂಬಲಾಗದಿದ್ದರೆ ಟ್ರಿಮ್ ನೋಡಿ ಏನು ಪ್ರಯೋಜನ?

ಬ್ಯಾಂಕ್ 1 ಅಂದರೆ ಒಂದನೇ ಸಿಲಿಂಡರ್ ಇರುವ ಸಾಲು. ನಮ್ಮಲ್ಲಿ ಓಡಾಡುವ ಬಹುತೇಕ 3, 4 ಸಿಲಿಂಡರ್ ಕಾರುಗಳಿಗೆ ಇರುವುದೇ ಒಂದು ಬ್ಯಾಂಕ್.

ಹಂತ 1: ಕೋಡ್ ಅಳಿಸಬೇಡಿ

ಸ್ಕ್ಯಾನರ್ ಸಿಕ್ಕಿದ ತಕ್ಷಣ ಕ್ಲಿಯರ್ ಒತ್ತುವ ಚಪಲ ಎಲ್ಲರಿಗೂ ಇರುತ್ತದೆ. ಒತ್ತಬೇಡಿ. ಬ್ಯಾಟರಿ ವೈರನ್ನೂ ಬಿಚ್ಚಬೇಡಿ. ಕೋಡ್ ಜೊತೆಗೆ ಇಸಿಯು 'ಫ್ರೀಜ್ ಫ್ರೇಮ್' ಅಂತ ಒಂದು ದಾಖಲೆ ಉಳಿಸಿರುತ್ತದೆ. ತೊಂದರೆ ಕಂಡ ಹೊತ್ತಿಗೆ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟು, ಇಂಜಿನ್ ಬಿಸಿಯಾಗಿತ್ತಾ, ಲೋಡ್ ಎಷ್ಟು, ಟ್ರಿಮ್ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ಕಲಿತ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಮೊದಲು ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಸ್ಕ್ಯಾನರ್ ಸಿಕ್ಕಿಸುವ 16 ಪಿನ್‌ಗಳ ಪೋರ್ಟ್ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಇರುತ್ತದೆ. ಭಾರತದಲ್ಲಿ 2013ರಿಂದೀಚೆಗೆ ಬಂದ ಬಿಎಸ್4 ಕಾರುಗಳಿಗೆ ಒಬಿಡಿ-2 ಎಂಬ ತಪಾಸಣೆ ವ್ಯವಸ್ಥೆ ಇದೆ, ಹಾಗಾಗಿ ಇಎಲ್‌ಎಂ327 ಎಂಬ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಸಾಕು. ತೀರಾ ಅಗ್ಗದ ನಕಲಿಗಳು ಡೇಟಾ ನಿಧಾನವಾಗಿ ತೋರಿಸುತ್ತವೆ. ಕೋಡ್ ಓದಲು ಅವು ಪರವಾಗಿಲ್ಲ, ಸೆನ್ಸರ್ ಗ್ರಾಫ್ ನೋಡಲು ಸಾಲುವುದಿಲ್ಲ.

ಲೈಟ್ ಸುಮ್ಮನೆ ಹತ್ತಿಕೊಂಡಿರದೆ ಮಿಣುಕುತ್ತಿದ್ದರೆ ವಿಷಯ ಬೇರೆ. ಅದು ಮಿಸ್‌ಫೈರ್. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನು ಸುಡುತ್ತಿರುತ್ತದೆ. ಗಾಡಿ ಓಡಿಸಬೇಡಿ, ಮೊದಲು ಪ್ಲಗ್ ಮತ್ತು ಕಾಯಿಲ್ ನೋಡಿ. ಮಿಸ್‌ಫೈರ್ ಆದಾಗ ಆಮ್ಲಜನಕವೂ ಉರಿಯದೆ ಹೊರಗೆ ಹೋಗುತ್ತದಲ್ವಾ, ಅದನ್ನು ಸೆನ್ಸರ್ ಲೀನ್ ಅಂತಲೇ ಓದುತ್ತದೆ. ಪಿ0171 ಜೊತೆ ಪಿ0300 ಸಾಲಿನ ಕೋಡ್ ಇದ್ದರೆ ಇದು ನೆನಪಿರಲಿ.

ಹಂತ 2: ಕಣ್ಣು, ಕಿವಿ, ಮೂಗು

ಬಾನೆಟ್ ಎತ್ತಿ. ಏರ್ ಫಿಲ್ಟರ್ ಡಬ್ಬದಿಂದ ಥ್ರಾಟಲ್ ಬಾಡಿವರೆಗಿನ ರಬ್ಬರ್ ಪೈಪನ್ನು ಬೆರಳಲ್ಲಿ ಒತ್ತಿ, ಬಗ್ಗಿಸಿ ನೋಡಿ. ಮಡಿಕೆಗಳ ಒಳಗೆ ಬಿರುಕು ಬಿಟ್ಟಿರುತ್ತದೆ, ಮೇಲಿಂದ ಕಾಣುವುದಿಲ್ಲ. ಪಿಸಿವಿ ಹೋಸ್ (ಇಂಜಿನ್ ಒಳಗಿನ ಆಯಿಲ್ ಆವಿಯನ್ನು ಮತ್ತೆ ಇನ್‌ಟೇಕ್‌ಗೆ ಒಯ್ಯುವ ಪೈಪ್), ಬ್ರೇಕ್ ಬೂಸ್ಟರ್ ಹೋಸ್, ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪ್‌ಗಳು, ಎಲ್ಲವನ್ನೂ ಮುಟ್ಟಿ ನೋಡಿ. ಆಯಿಲ್ ಡಿಪ್‌ಸ್ಟಿಕ್ ಪೂರ್ತಿ ಒಳಗೆ ಕೂತಿದೆಯಾ? ಆಯಿಲ್ ಮುಚ್ಚಳ ಬಿಗಿಯಾಗಿದೆಯಾ? ಕೆಲವು ಇಂಜಿನ್‌ಗಳಲ್ಲಿ ಅಷ್ಟರಿಂದಲೇ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಇನ್ನು ಇಲಿ. ಗಾಡಿ ಎರಡು ವಾರ ನಿಂತಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಸೆನ್ಸರ್ ವೈರನ್ನು ಅಡಿಯಿಂದ ಮುಡಿವರೆಗೆ ಟಾರ್ಚ್ ಹಿಡಿದು ನೋಡಿ.

ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಕಿವಿ ಕೊಡಿ. 'ಟಿಕ್ ಟಿಕ್' ಸದ್ದು ಬಂದು ಬಿಸಿಯಾದ ಮೇಲೆ ಕಡಿಮೆಯಾದರೆ ಗ್ಯಾಸ್ಕೆಟ್ ಲೀಕ್ ಇರಬಹುದು. ಜಾಯಿಂಟ್ ಸುತ್ತ ಕಪ್ಪು ಮಸಿ ಅದಕ್ಕೆ ಇನ್ನೊಂದು ಗುರುತು. ಸೆನ್ಸರ್‌ಗಿಂತ ಮುಂಚೆ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇಂಜಿನ್ ಸರಿಯಾಗಿದ್ದರೂ ಸೆನ್ಸರ್‌ಗೆ ಅದು ಲೀನ್ ಆಗಿಯೇ ಕಾಣುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ಹಳೆ ಗಾಡಿಗಳಲ್ಲಿ ಎಕ್ಸಾಸ್ಟ್ ಜಾಯಿಂಟ್ ತುಕ್ಕನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು.

ಹಂತ 3: ಎರಡು ವೇಗದಲ್ಲಿ ಟ್ರಿಮ್ ಓದಿ

ಇಡೀ ತಪಾಸಣೆಯಲ್ಲಿ ತುಂಬಾ ಮುಖ್ಯವಾದ ಹಂತ ಇದೇ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಕೂಲಂಟ್ 80 ಡಿಗ್ರಿ ದಾಟಲಿ. ಆಪ್‌ನಲ್ಲಿ ಫ್ಯುಯೆಲ್ ಸಿಸ್ಟಮ್ ಸ್ಟೇಟಸ್ 'ಕ್ಲೋಸ್ಡ್ ಲೂಪ್' ಅಂತ ತೋರಿಸಬೇಕು, ಅಂದರೆ ಇಸಿಯು ಸೆನ್ಸರ್ ಮಾತು ಕೇಳಿ ಪೆಟ್ರೋಲ್ ತಿದ್ದುತ್ತಿರಬೇಕು. ಎಸಿ, ಲೈಟ್ ಎಲ್ಲ ಆಫ್.

ಮೊದಲು ಐಡ್ಲಿಂಗ್‌ನಲ್ಲಿ ಎರಡು ಟ್ರಿಮ್‌ಗಳನ್ನು ಕೂಡಿಸಿ ಬರೆದುಕೊಳ್ಳಿ. ಆಮೇಲೆ 2500 ಆರ್‌ಪಿಎಂನಲ್ಲಿ ಒಂದು ನಿಮಿಷ ರೇಸ್ ಹಿಡಿದು ಮತ್ತೆ ಬರೆದುಕೊಳ್ಳಿ.

ಐಡ್ಲಿಂಗ್‌ನಲ್ಲಿ ಪ್ಲಸ್ 25 ಇದ್ದದ್ದು ರೇಸ್ ಕೊಟ್ಟಾಗ ಪ್ಲಸ್ 5ಕ್ಕೆ ಇಳಿದರೆ ಗಾಳಿ ಲೀಕ್ ಎಂದು ಹಿಡಿಯಿರಿ. ಲೀಕ್ ಆಗುವ ಗಾಳಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವುದೇ ಸ್ವಲ್ಪ ಗಾಳಿ, ಅದರಲ್ಲಿ ಲೀಕಿನ ಪಾಲು ದೊಡ್ಡದು. ರೇಸ್ ಕೊಟ್ಟಾಗ ಒಟ್ಟು ಗಾಳಿ ಎಷ್ಟೋ ಪಟ್ಟು ಹೆಚ್ಚುತ್ತದೆ, ಲೀಕಿನ ಪಾಲು ಲೆಕ್ಕಕ್ಕೇ ಬರುವುದಿಲ್ಲ.

ಐಡ್ಲಿಂಗ್‌ನಲ್ಲಿ ಸರಿಯಿದ್ದು, ರೇಸ್ ಕೊಟ್ಟಾಗ ಅಥವಾ ಏರಿನಲ್ಲಿ ಟ್ರಿಮ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಪಂಪ್ ಸೋತಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಕೊಳೆಯಾಗಿದೆ. ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಕೊಳೆಯಾಗಿ ಅದನ್ನು ಕಡಿಮೆ ಅಳೆದರೂ ಹೀಗೇ ಆಗುತ್ತದೆ.

ಎರಡೂ ಕಡೆ ಒಂದೇ ಸಮ ಏರಿದ್ದರೆ ಪೆಟ್ರೋಲ್ ಪ್ರೆಶರ್ ಕಡಿಮೆ, ಎಕ್ಸಾಸ್ಟ್ ಲೀಕ್, ಸೆನ್ಸರ್ ಸುಳ್ಳು ಹೇಳುತ್ತಿರುವುದು, ಈ ಮೂರರಲ್ಲಿ ಒಂದು. ಮುಂದಿನ ಹಂತ ಇರುವುದೇ ಇದಕ್ಕೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊರದೇಶದ ವಿಡಿಯೋ ನೋಡಿ ಕೆಲಸ ಮಾಡುವವರು ಇಲ್ಲೇ ದಾರಿ ತಪ್ಪುತ್ತಾರೆ. ಆ ವಿಡಿಯೋಗಳ ಕಾರುಗಳಲ್ಲಿ ಹೆಚ್ಚಾಗಿ ಎಂಎಎಫ್ ಇರುತ್ತದೆ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಎಷ್ಟೋ ಮಾದರಿಗಳಿಗೆ ಅದು ಇಲ್ಲ. ಅವು ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹಂಚುವ ಕೊಳವೆ) ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸರ್‌ನಲ್ಲಿ ಅಳೆದು ಗಾಳಿಯ ಲೆಕ್ಕ ಹಾಕುತ್ತವೆ. ಇಂಥ ಗಾಡಿಯಲ್ಲಿ ಗಾಳಿ ಲೀಕ್ ಆದರೆ ಒತ್ತಡ ಏರುತ್ತದೆ, ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೊಟ್ಟುಬಿಡುತ್ತದೆ. ಟ್ರಿಮ್ ಹೆಚ್ಚೇನೂ ಅಲುಗದೆ ಐಡ್ಲಿಂಗ್ ಆರ್‌ಪಿಎಂ ಏರಿ ಕೂರುತ್ತದೆ. ಹಾಗಾಗಿ ಮ್ಯಾಪ್ ಗಾಡಿಯಲ್ಲಿ ಪಿ0171 ಬಂದರೆ ನಾನು ಮೊದಲು ಪೆಟ್ರೋಲ್ ಪ್ರೆಶರ್ ಮತ್ತು ಎಕ್ಸಾಸ್ಟ್ ಲೀಕ್ ಕಡೆ ನೋಡುತ್ತೇನೆ. ನಿಮ್ಮದು ಯಾವುದು ಅಂತ ತಿಳಿಯಲು ಏರ್ ಫಿಲ್ಟರ್ ಡಬ್ಬದ ಆಚೆಗಿನ ಪೈಪ್ ನೋಡಿ. ಅಲ್ಲಿ ನಾಲ್ಕೈದು ವೈರಿನ ಕಪಲರ್ ಇರುವ ಸೆನ್ಸರ್ ಇದ್ದರೆ ಸಾಮಾನ್ಯವಾಗಿ ಎಂಎಎಫ್. ಎರಡೇ ವೈರ್ ಇದ್ದರೆ ಅದು ಗಾಳಿಯ ಬಿಸಿ ಅಳೆಯುವುದು ಮಾತ್ರ. ಆಪ್ ನಂಬಬೇಡಿ, ಕೆಲವು ಆಪ್‌ಗಳು ಎಂಎಎಫ್ ಇಲ್ಲದ ಗಾಡಿಗೂ ಲೆಕ್ಕ ಹಾಕಿ ಒಂದು ಸಂಖ್ಯೆ ತೋರಿಸುತ್ತವೆ.

ಹಂತ 4: ಹಿಂದಿನ ಸೆನ್ಸರನ್ನು ಕೇಳಿ

ಕನ್ವರ್ಟರ್ ಆಚೆ ಇರುವ ಸೆನ್ಸರ್ 2 ಕನ್ವರ್ಟರ್ ಚೆನ್ನಾಗಿದೆಯೇ ಎಂದು ನೋಡಲು ಇಟ್ಟಿರುವುದು. ನಮಗೆ ಮಾತ್ರ ಅದು ಇಲ್ಲಿ ಎರಡನೇ ಸಾಕ್ಷಿ. 2500 ಆರ್‌ಪಿಎಂನಲ್ಲಿ ಹಿಡಿದು ಅದರ ವೋಲ್ಟೇಜ್ ನೋಡಿ. ಸರಿಯಾಗಿರುವ ಗಾಡಿಯಲ್ಲಿ 0.6-0.7ರ ಆಸುಪಾಸು ಹೆಚ್ಚು ಕುಣಿಯದೆ ನಿಂತಿರುತ್ತದೆ.

ಮುಂದಿನ ಸೆನ್ಸರ್ ಲೀನ್ ಅನ್ನುತ್ತಿದೆ, ಟ್ರಿಮ್ ಪ್ಲಸ್ 25, ಹಿಂದಿನದೂ 0.1ರಲ್ಲೇ ಬಿದ್ದಿದೆ ಅನ್ನಿ. ಇಂಜಿನ್ ನಿಜಕ್ಕೂ ಲೀನ್ ಆಗಿದೆ. ಹೊಸ ಸೆನ್ಸರ್ ತರುವ ಯೋಚನೆ ಬಿಟ್ಟುಬಿಡಿ.

ಮುಂದಿನದು ಲೀನ್, ಟ್ರಿಮ್ ಪ್ಲಸ್ 25, ಆದರೆ ಹಿಂದಿನದು 0.8ರ ಹತ್ತಿರ ಗಟ್ಟಿಯಾಗಿ ನಿಂತಿದೆ. ಈಗ ಕಥೆ ತಿರುಗಿತು. ಇಸಿಯು ಸುಮ್ನೆ ಪೆಟ್ರೋಲ್ ಸುರಿಯುತ್ತಿದೆ, ಇಂಜಿನ್ ನಿಜದಲ್ಲಿ ರಿಚ್ ಆಗಿದೆ, ಮುಂದಿನ ಸೆನ್ಸರ್ ಸುಳ್ಳು ಹೇಳುತ್ತಿದೆ. ಒಂದೋ ಅದರ ಮುಂಚೆ ಎಕ್ಸಾಸ್ಟ್ ಲೀಕ್ ಇದೆ, ಇಲ್ಲವೇ ಸೆನ್ಸರ್ ಕೆಟ್ಟಿದೆ. ಸೈಲೆನ್ಸರ್ ಬಾಯಲ್ಲಿ ಕರಿ ಮಸಿ, ಪೆಟ್ರೋಲ್ ವಾಸನೆ, ಮೈಲೇಜ್ ಇಳಿದಿರುವುದು ಇದಕ್ಕೆ ಹೊಂದುತ್ತವೆ.

ಈ ಹೋಲಿಕೆ ಐಡ್ಲಿಂಗ್‌ನಲ್ಲಿ ಮಾಡಬೇಡಿ. ಆಗ ಹೊಗೆಯ ಹರಿವು ಕಡಿಮೆ, ಹಿಂದಿನ ಸೆನ್ಸರ್ ಆರಿ ತಪ್ಪು ತೋರಿಸಬಹುದು.

ಬಿಎಸ್6 ಗಾಡಿಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಎಂಬ ಬೇರೆ ಬಗೆಯದು ಇರಬಹುದು. ಅದು 0.1 ಮತ್ತು 0.9 ನಡುವೆ ಕುಣಿಯುವುದಿಲ್ಲ. ಆಪ್‌ನಲ್ಲಿ ಲ್ಯಾಂಬ್ಡಾ ಅಂತ ಬರುತ್ತದೆ. 1 ಇದ್ದರೆ ಸರಿ, 1ಕ್ಕಿಂತ ಜಾಸ್ತಿ ಲೀನ್, ಕಡಿಮೆ ರಿಚ್. 'ಸೆನ್ಸರ್ ಕುಣೀತಾ ಇಲ್ಲ, ಸತ್ತಿದೆ' ಅಂತ ಅದನ್ನು ಬಿಸಾಕುವುದು ಬೇಡ.

ಹಂತ 5: ಸೆನ್ಸರ್ ಬದುಕಿದೆಯಾ ನೋಡಿ

ಇಂಜಿನ್ ಬಿಸಿ ಇರುವಾಗ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಬಿಚ್ಚಿ. ನ್ಯಾರೋಬ್ಯಾಂಡ್ ಸೆನ್ಸರ್ ತಕ್ಷಣ 0.2ರ ಕೆಳಗೆ ಬರಬೇಕು. ಪೈಪ್ ಹಾಕಿ, ಆಕ್ಸಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. 0.8 ದಾಟಬೇಕು. ಎರಡೂ ಕಡೆ ಚುರುಕಾಗಿ ಹೋಗಿ ಬಂದರೆ ಸೆನ್ಸರ್ ಚೆನ್ನಾಗಿದೆ. ಸೋಮಾರಿಯಾಗಿ ಏರಿ ಇಳಿದರೆ ಅದಕ್ಕೆ ವಯಸ್ಸಾಗಿದೆ, ಪಿ0133 ಬರುವುದು ಹೀಗಿದ್ದಾಗ. ಮ್ಯಾಪ್ ಗಾಡಿಯಲ್ಲಿ ಪೈಪ್ ಬಿಚ್ಚಿದಾಗ ಲೀನ್ ಕ್ಷಣಮಾತ್ರ ಕಂಡು ಸರಿಹೋಗಬಹುದು, ಗ್ರಾಫ್ ಗಮನಿಸಿ.

ಹಂತ 6: ಗಾಳಿ ಲೀಕ್ ಹುಡುಕುವುದು

ಸೋಪು ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮೇಲೆ ಸ್ವಲ್ಪ ಸ್ವಲ್ಪ ಹೊಡೆಯಿರಿ. ಲೀಕ್ ಇರುವಲ್ಲಿ ನೀರು ಒಳಗೆ ಎಳೆದುಕೊಂಡು ಐಡ್ಲಿಂಗ್ ಸದ್ದು ಬದಲಾಗುತ್ತದೆ. ಕಪಲರ್‌ಗಳ ಮೇಲೆ ಬೇಡ. ಕಾರ್ಬ್ ಕ್ಲೀನರ್ ಸ್ಪ್ರೇಯಿಂದ ಇನ್ನೂ ಬೇಗ ಗೊತ್ತಾಗುತ್ತದೆ, ಅದು ಉರಿಯುವ ವಸ್ತುವಾದ್ದರಿಂದ ಸೆನ್ಸರ್ ವೋಲ್ಟೇಜ್ ಏರಿ ಶಾರ್ಟ್ ಟರ್ಮ್ ಟ್ರಿಮ್ ಇಳಿಯುತ್ತದೆ. ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದನ್ನು ಹೊಡೆಯುವುದು ಬೆಂಕಿಗೆ ಆಹ್ವಾನ. ಮನೆಯಲ್ಲಿ ಮಾಡುವವರಿಗೆ ಸೋಪು ನೀರೇ ಸಾಕು. ಅದರಲ್ಲಿ ಸಿಗದಿದ್ದರೆ ಗ್ಯಾರೇಜಿನಲ್ಲಿ ಪೈಪ್‌ಗಳೊಳಗೆ ಹೊಗೆ ಬಿಟ್ಟು ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ.

ಹಂತ 7: ಪೆಟ್ರೋಲ್ ಸರಿಯಾಗಿ ಬರುತ್ತಿದೆಯಾ

ಸಾಮಾನ್ಯ ಪೋರ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಪ್ರೆಶರ್ 3ರಿಂದ 4 ಬಾರ್ ಇರುತ್ತದೆ. ನಿಖರ ಸಂಖ್ಯೆಗೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಗೇಜ್ ಹಾಕುವ ಕೆಲಸ ಅಭ್ಯಾಸ ಇಲ್ಲದವರು ಮೆಕ್ಯಾನಿಕ್ ಕೈಲೇ ಮಾಡಿಸಿ. ಡೈರೆಕ್ಟ್ ಇಂಜೆಕ್ಷನ್ ಗಾಡಿಯ ಹೈ ಪ್ರೆಶರ್ ಲೈನ್ ಮುಟ್ಟಲೇಬೇಡಿ.

ಎಥನಾಲ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು, ಒಂದು ಗ್ರಾಂಗೆ 9 ಗ್ರಾಂ. 20 ಪರ್ಸೆಂಟ್ ಬೆರೆತ ಇ20 ಪೆಟ್ರೋಲ್‌ಗೆ 14.7ರ ಬದಲು ಸುಮಾರು 13.5 ಬೇಕಾಗುತ್ತದೆ. ಅಂದರೆ ಇ10ರಿಂದ ಇ20ಗೆ ಬಂದ ಗಾಡಿಯಲ್ಲಿ ಟ್ರಿಮ್ ನಾಲ್ಕೈದು ಪರ್ಸೆಂಟ್ ಪ್ಲಸ್ ಕಡೆ ಸರಿಯುವುದು ಸಹಜ. ಅಷ್ಟರಿಂದಲೇ ಕೋಡ್ ಬರುವುದಿಲ್ಲ. ಆದರೆ ಸಣ್ಣ ಲೀಕ್‌ನಿಂದ ಮೊದಲೇ ಪ್ಲಸ್ 17ರಲ್ಲಿದ್ದ ಹಳೆ ಗಾಡಿಯನ್ನು ಗೆರೆ ದಾಟಿಸಲು ಅದು ಸಾಕು. 'ಇ20ಯಿಂದ ಸೆನ್ಸರ್ ಹಾಳಾಯ್ತು' ಎನ್ನುವ ದೂರುಗಳಲ್ಲಿ ಒಂದಷ್ಟಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಅನಿಸಿಕೆ.

ಪಿ0172 ಬಂದಿದ್ದರೆ

ರಿಚ್ ಕೋಡ್‌ಗೆ ಹುಡುಕುವ ಜಾಗ ಬೇರೆ. ಮೊದಲು ಪರ್ಜ್ ವಾಲ್ವ್. ಟ್ಯಾಂಕಿನ ಆವಿಯನ್ನು ಇಂಜಿನ್‌ಗೆ ಬಿಡುವ ವಾಲ್ವ್ ಇದು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ (ಟ್ಯಾಂಕಿನ ಆವಿಯನ್ನು ಹಿಡಿದಿಡುವ ಡಬ್ಬ) ಕಡೆಯ ಪೈಪ್ ಬಿಚ್ಚಿ ವಾಲ್ವ್ ಬಾಯಿಗೆ ಬೆರಳಿಡಿ. ಆಗ ಅದು ಎಳೆಯಬಾರದು. ಎಳೆದರೆ ತೆರೆದೇ ಉಳಿದಿದೆ. ಬಂಕ್‌ನಲ್ಲಿ ಆಟೋ ಕಟ್ ಆದ ಮೇಲೂ 'ರೌಂಡ್ ಫಿಗರ್ ಮಾಡಿ' ಅಂತ ತುಂಬಿಸುತ್ತೇವಲ್ಲ, ಆ ಅಭ್ಯಾಸದಿಂದ ಕ್ಯಾನಿಸ್ಟರ್‌ಗೆ ಪೆಟ್ರೋಲ್ ನುಗ್ಗಿ ಇದೇ ತೊಂದರೆ ಬರುತ್ತದೆ.

ಎರಡನೆಯದು ಕೂಲಂಟ್ ಸೆನ್ಸರ್. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಸ್ಟಾರ್ಟ್ ಮಾಡುವ ಮುಂಚೆ, ಕೂಲಂಟ್ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಹೆಚ್ಚು ಕಡಿಮೆ ಒಂದೇ ತೋರಿಸಬೇಕು. ಕೂಲಂಟ್ ಮಾತ್ರ ತೀರಾ ಕಡಿಮೆ ತೋರಿಸಿದರೆ ಇಸಿಯು ಇಂಜಿನ್ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ.

ಮೂರನೆಯದು ಮ್ಯಾಪ್ ಸೆನ್ಸರ್. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ನೋಡಿ. ಆಗ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 91ರ ಹತ್ತಿರ. ಬೆಂಗಳೂರಿನಲ್ಲಿ 91 ಕಂಡು ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸ್ಟಾರ್ಟ್ ಆದ ಮೇಲೆ ಐಡ್ಲಿಂಗ್‌ನಲ್ಲಿ 30-40ಕ್ಕೆ ಇಳಿಯಬೇಕು.

ಡಿಪ್‌ಸ್ಟಿಕ್ ಮೂಸಿಯೂ ನೋಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಜೋರಾಗಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು. ಆ ಆವಿ ಪಿಸಿವಿ ಮೂಲಕ ಮತ್ತೆ ಇಂಜಿನ್‌ಗೇ ಹೋಗುತ್ತದೆ.

ಸೆನ್ಸರ್ ಕೋಡ್‌ಗಳು: ಪಿ0130ರಿಂದ ಪಿ0135

ಪಿ0135 ಅಂದರೆ ಹೀಟರ್ ಸರ್ಕ್ಯೂಟ್. ಮೊದಲು ಫ್ಯೂಸ್. ಆಮೇಲೆ ಕಪಲರ್ ಬಿಚ್ಚಿ ಸೆನ್ಸರ್ ಕಡೆ ಹೀಟರ್‌ನ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ನಾಲ್ಕು ವೈರಿನ ಸೆನ್ಸರ್‌ನಲ್ಲಿ ಒಂದೇ ಬಣ್ಣದ ಎರಡು ವೈರ್ ಸಾಮಾನ್ಯವಾಗಿ ಹೀಟರಿನವು. ತಣ್ಣಗಿದ್ದಾಗ ಕೆಲವು ಓಮ್‌ನಿಂದ ಹದಿನೈದರವರೆಗೆ ಬಂದರೆ ಹೀಟರ್ ಇದೆ. ಏನೂ ಬರದಿದ್ದರೆ ಒಳಗೆ ತುಂಡಾಗಿದೆ, ಆಗ ಸೆನ್ಸರ್ ಬದಲಿಸಲೇಬೇಕು. ಹೀಟರ್ ಸರಿಯಿದ್ದರೆ ವೈರಿಂಗ್ ಕಡೆ 12 ವೋಲ್ಟ್ ಬರುತ್ತಿದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಇಂಜಿನ್ ಓಡುತ್ತಿದ್ದರೆ ಮಾತ್ರ ಬರುತ್ತದೆ.

ಪಿ0131 ಸದಾ ಕಡಿಮೆ ವೋಲ್ಟ್, ಪಿ0132 ಸದಾ ಜಾಸ್ತಿ, ಪಿ0134 ಚಲನೆಯೇ ಇಲ್ಲ. ಈ ಮೂರಕ್ಕೂ ಕಪಲರ್‌ನಲ್ಲಿ ನೀರು, ಹಸಿರು ಪಾಚಿಗಟ್ಟಿದ ಪಿನ್, ಎಕ್ಸಾಸ್ಟ್‌ಗೆ ತಾಗಿ ಕರಗಿದ ವೈರ್ ಇವೆಯಾ ಅಂತ ನೋಡಿದ ಮೇಲೆಯೇ ಸೆನ್ಸರ್ ಮೇಲೆ ತಪ್ಪು ಹೊರಿಸಿ.

ಬದಲಿಸಲೇಬೇಕಾದರೆ

ಇಂಜಿನ್ ಸ್ವಲ್ಪ ಬೆಚ್ಚಗಿರುವಾಗ ಬಿಚ್ಚಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಹೆಚ್ಚಿನವಕ್ಕೆ 22 ಎಂಎಂ, ವೈರ್ ಹಾಯಲು ಪಕ್ಕದಲ್ಲಿ ಸೀಳಿರುವ ಸಾಕೆಟ್ ಬೇಕು. ಹೊಸದರ ಥ್ರೆಡ್‌ಗೆ ಕಂಪನಿಯೇ ಪೇಸ್ಟ್ ಹಚ್ಚಿರುತ್ತದೆ. ಅದು ತುದಿಗೆ ತಾಗಬಾರದು. ಸೆನ್ಸರ್ ಕೈಜಾರಿ ನೆಲಕ್ಕೆ ಬಿದ್ದರೆ ಒಳಗಿನ ಸೆರಾಮಿಕ್ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ.

ಕಪಲರ್ ಇಲ್ಲದ 'ಯೂನಿವರ್ಸಲ್' ಸೆನ್ಸರ್ ತಂದರೆ ವೈರ್‌ಗೆ ಬೆಸುಗೆ ಹಾಕಬೇಡಿ, ಕ್ರಿಂಪ್ ಮಾಡಿ. ಇಂಥ ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ನಡುವಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಆ ದಾರಿ ಮುಚ್ಚುತ್ತದೆ. ಇಂಜಿನ್ ಕೆಲಸದಲ್ಲಿ ಸಿಕ್ಕಿದ ಸಿಲಿಕಾನ್ ಗಮ್ ಬಳಸುವುದೂ ಬೇಡ, ಸೆನ್ಸರ್‌ಗೆ ಹಾನಿ ಮಾಡುವುದಿಲ್ಲ ಎಂದು ಡಬ್ಬಿ ಮೇಲೆ ಬರೆದಿರುವುದನ್ನೇ ತನ್ನಿ.

ಕೆಲಸ ಆದ ಮೇಲೆ

ಈಗ ಕೋಡ್ ಅಳಿಸಿ. ಟ್ರಿಮ್ ಸೊನ್ನೆಯಿಂದ ಶುರುವಾಗುತ್ತದೆ, ಹಾಗಾಗಿ ಅಳಿಸಿದ ಮರುಕ್ಷಣದ ಸಂಖ್ಯೆ ನೋಡಿ ಖುಷಿಪಡಬೇಡಿ. ಸಿಟಿಯಲ್ಲೂ ಹೈವೇಯಲ್ಲೂ ಒಂದೆರಡು ದಿನ ಓಡಿಸಿ, ಲಾಂಗ್ ಟರ್ಮ್ ಟ್ರಿಮ್ ಎಲ್ಲಿ ನಿಲ್ಲುತ್ತದೆ ನೋಡಿ. ಪ್ಲಸ್ 6ರಲ್ಲಿ ನಿಂತರೆ ಕೆಲಸ ಮುಗಿಯಿತು. ಮತ್ತೆ ಪ್ಲಸ್ 18ರ ಕಡೆ ಹತ್ತುತ್ತಿದ್ದರೆ ಲೈಟ್ ಹತ್ತುವ ತನಕ ಕಾಯಬೇಡಿ, ಮೂರನೇ ಹಂತಕ್ಕೆ ವಾಪಸ್ ಹೋಗಿ.

ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಯಾದರೆ ಇಡೀ ತಪಾಸಣೆಯನ್ನು ಪೆಟ್ರೋಲ್ ಮೋಡ್‌ನಲ್ಲಿ ಮಾಡಿ, ಆಮೇಲೆ ಗ್ಯಾಸ್‌ಗೆ ಹಾಕಿ ಮತ್ತೆ ಟ್ರಿಮ್ ಓದಿ. ಪೆಟ್ರೋಲ್‌ನಲ್ಲಿ ಪ್ಲಸ್ 4, ಗ್ಯಾಸ್‌ನಲ್ಲಿ ಪ್ಲಸ್ 22 ಬಂದರೆ ತೊಂದರೆ ಕಾರಿನದಲ್ಲ, ಕಿಟ್‌ನ ಟ್ಯೂನಿಂಗ್‌ದು. ಆ ಎರಡು ಸಂಖ್ಯೆಗಳನ್ನು ಕಿಟ್ ಹಾಕಿದವರ ಮುಂದೆ ಇಟ್ಟು ರೀಟ್ಯೂನ್ ಮಾಡಿಸಿಕೊಳ್ಳಿ.